ಪರದೇಶದ ನೀರು ಹಿಡಿದಿದೆ ಎಂದರು

ತಂಗಿ,

ನಿನ್ನ ಪತ್ರ ಓದಿ ಮೊದಲು ನಕ್ಕೆ. ಬೆಂಗಳೂರಿನ ಡಾಕ್ಟರು ಗ್ರೇವ್ಸ್ ಎಂದರು, ಇಲ್ಲಿಯವರು ಬಾಸೆಡೋ ಎನ್ನುತ್ತಾರೆ, ಒಂದರ ಮೇಲೆ ಇನ್ನೊಂದು ಕಾಯಿಲೆ ಬಂತೇ ಅಕ್ಕ ಎಂದು ಕೇಳಿದ್ದೀಯ. ಇಲ್ಲ ಮಾರಾಯ್ತಿ, ಎರಡೂ ಒಂದೇ, ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುವ ಕಾಯಿಲೆ. ಐರ್ಲೆಂಡಿನ ಗ್ರೇವ್ಸ್ 1835ರಲ್ಲಿ ಬರೆದರೆ ಜರ್ಮನಿಯ ಬಾಸೆಡೋ 1840ರಲ್ಲಿ ಬರೆದ. ತಮ್ಮವನ ಹೆಸರು ಬಿಟ್ಟುಕೊಡಲು ಈ ದೇಶದವರು ತಯಾರಿಲ್ಲ, ಅಷ್ಟೇ. ನಾನೂ ಇದೇ ಗೊಂದಲದಲ್ಲಿ ಒಂದು ವಾರ ನಿದ್ದೆ ಕೆಡಿಸಿಕೊಂಡಿದ್ದೆ.

ಸ್ಟುಟ್‌ಗಾರ್ಟಿಗೆ ಬಂದು ಎಂಟು ತಿಂಗಳಾಗಿದೆ, ಒಂದೂವರೆ ವರ್ಷ ಮಾತ್ರೆ ತಿಂದು ನಿಲ್ಲಿಸಿದ ಕೂಡಲೇ ಕಾಯಿಲೆ ಮರಳಿದೆ, ಮುಂದಿನ ತಿಂಗಳು ರೇಡಿಯೋ ಅಯೋಡಿನ್ ಎಂದು ಬರೆದಿದ್ದೀಯ. ಎರಡು ರಾತ್ರಿ ಒಬ್ಬಳೇ ಇರಬೇಕಂತೆ, ಮೂರು ವರ್ಷದ ಮಗುವನ್ನು ಏನು ಮಾಡಲಿ, ಊರಿಗೆ ಹೋಗಿ ಮಾಡಿಸಿಕೊಂಡರೆ ಆಗದೇ, ಖರ್ಚೆಷ್ಟು, ದಪ್ಪ ಆಗುತ್ತೇನೆಯೇ, ಮೀನು ಯಾವಾಗಿನಿಂದ ತಿನ್ನಬಹುದು, ಅಪ್ಪ ಅಮ್ಮನಿಗೆ ಹೇಳಲೇ ಬೇಡವೇ. ಕೊನೆಯದನ್ನು ಎಲ್ಲದರ ಕೆಳಗೆ ಬರೆದಿದ್ದೀಯ. ನನಗೆ ಹೆಚ್ಚು ಹೇಳಬೇಕಿರುವುದು ಅದರ ಬಗ್ಗೆಯೇ.

ಸಣ್ಣಪುಟ್ಟದ್ದನ್ನು ಮುಗಿಸಿಬಿಡುತ್ತೇನೆ. ಖರ್ಚಿನ ಚಿಂತೆ ಬೇಡ. ನಿನ್ನ ಗಂಡನ ಕೆಲಸದ ಜೊತೆ ಸರಕಾರಿ ಆರೋಗ್ಯ ವಿಮೆ ಇದ್ದರೆ ಆಸ್ಪತ್ರೆಯಲ್ಲಿ ದಿನಕ್ಕೆ ಹತ್ತು ಯೂರೋ ಕೊಡಬೇಕು, ಚಿಕಿತ್ಸೆಯಾದ ಮೇಲೆ ನುಂಗಬೇಕಾಗುವ ಥೈರಾಯ್ಡ್ ಹಾರ್ಮೋನಿನ ಮಾತ್ರೆಯ ಡಬ್ಬಿಗೆ ಐದು ಯೂರೋ. ಇದಕ್ಕಾಗಿ ಊರಿಗೆ ಓಡಬೇಡ. ದಪ್ಪ ಆಗುವುದು ಬಿಡುವುದು ಆ ಮಾತ್ರೆಯ ಪ್ರಮಾಣ ಸರಿಯಾಗಿ ಕೂರುವುದರ ಮೇಲಿದೆ. ಗರ್ಭ ಧರಿಸುವ ಯೋಚನೆಯಿದ್ದರೆ ಕನಿಷ್ಠ ಆರು ತಿಂಗಳು ತಡೆ, ಮತ್ತು ಡಾಕ್ಟರನ್ನು ಕೇಳಿಯೇ ಮುಂದುವರಿ. ಕಣ್ಣು ಉಬ್ಬಿದ್ದರೆ, ಕಣ್ಣಲ್ಲಿ ಮರಳು ಬಿದ್ದಂತೆ ಆಗುತ್ತಿದ್ದರೆ ಈಗಲೇ ಹೇಳು, ಈ ಚಿಕಿತ್ಸೆಯಿಂದ ಕಣ್ಣಿನ ತೊಂದರೆ ಹೆಚ್ಚುವ ಸಾಧ್ಯತೆ ಉಂಟು. ಎಲೆಕೋಸು ತಿನ್ನಬೇಡ ಎನ್ನುವ ಅತ್ತೆಯರ ಮಾತಿಗೆ ಹೂಂ ಎಂದು ಸುಮ್ಮನಿರು.

ಎರಡು ರಾತ್ರಿಯ ವಿಷಯ. ಇಂಗ್ಲೆಂಡಿನಲ್ಲಿ ಇದೇ ಕಾಯಿಲೆಗೆ ಮಾತ್ರೆ ನುಂಗಿಸಿ ಅದೇ ದಿನ ಮನೆಗೆ ಕಳಿಸುತ್ತಾರೆ. ಇಲ್ಲಿ ಕಾನೂನು ಬಿಗಿ, ಕಡಿಮೆಯೆಂದರೂ 48 ಗಂಟೆ ವಾರ್ಡಿನಲ್ಲಿ ಇರಬೇಕು. ಸೀಸದ ಡಬ್ಬಿಯಿಂದ ಹೊರಬರುವುದು ಒಂದು ಸಾದಾ ಕ್ಯಾಪ್ಸೂಲ್. ನುಂಗಿದರೆ ಏನೂ ಅನ್ನಿಸುವುದಿಲ್ಲ. ಕುತ್ತಿಗೆಯ ಗ್ರಂಥಿಗೆ ಸಾಧಾರಣ ಅಯೋಡಿನ್ ಯಾವುದು, ವಿಕಿರಣ ಸೂಸುವ ಅಯೋಡಿನ್ ಯಾವುದು ಎಂಬ ಭೇದ ತಿಳಿಯದು. ಸಿಕ್ಕಿದ್ದನ್ನು ಹೀರಿಕೊಳ್ಳುತ್ತದೆ, ಹೀರಿದ್ದೇ ಅದನ್ನು ಒಳಗಿನಿಂದ ಸುಡುತ್ತದೆ. ಆ ಅಯೋಡಿನ್-131 ಎಂಟು ದಿನಕ್ಕೊಮ್ಮೆ ಅರ್ಧವಾಗುತ್ತ ಹೋಗುತ್ತದೆ. ವಾರ್ಡಿನ ಶೌಚಾಲಯದ ನೀರನ್ನೂ ನೇರವಾಗಿ ಊರ ಚರಂಡಿಗೆ ಬಿಡದೆ, ತೊಟ್ಟಿಗಳಲ್ಲಿ ಕೂಡಿಟ್ಟು ವಿಕಿರಣ ತಗ್ಗಿದ ಮೇಲೆ ಬಿಡುತ್ತಾರೆ. ಇಂಥ ಶಿಸ್ತು ಕಂಡಾಗೆಲ್ಲ ಈ ದೇಶದ ಮೇಲೆ ನನಗೆ ಸ್ವಂತದ್ದೆಂಬಷ್ಟು ಹೆಮ್ಮೆ ಬರುತ್ತದೆ, ಒಪ್ಪಿಕೊಳ್ಳುತ್ತೇನೆ.

ಮಗುವಿನ ಆಟಿಕೆಯನ್ನಾಗಲಿ ಅದರ ಹೊದಿಕೆಯನ್ನಾಗಲಿ ಒಳಗೆ ತೆಗೆದುಕೊಂಡು ಹೋಗಬೇಡ. ಮನೆಗೆ ಬಂದ ಮೇಲೆ ಎಷ್ಟು ದಿನ ಅದನ್ನು ಎತ್ತಿಕೊಳ್ಳಬಾರದು ಎಂದು ಅಳತೆ ನೋಡಿ ಅವರೇ ಬರೆದುಕೊಡುತ್ತಾರೆ. ಒಂದೆರಡು ವಾರ ಎಂದಿಟ್ಟುಕೋ. ಬೇರೆ ಹಾಸಿಗೆ, ಬೇರೆ ತಟ್ಟೆ ಲೋಟ, ಗರ್ಭಿಣಿಯರಿಂದ ದೂರ. ಆ ದಿನಗಳಲ್ಲಿ ನನಗೆ ನೆನಪಾದದ್ದು ನಮ್ಮ ಅಜ್ಜಿಯ ಕಾಲದ ‘ಹೊರಗೆ’. ನಿನಗೆ ಬಿಡಿಸಿ ಹೇಳಬೇಕಿಲ್ಲವಲ್ಲ. ಅದಕ್ಕೆ ಕಾರಣವಿರಲಿಲ್ಲ, ಇದಕ್ಕೆ ಇದೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ನಾಲ್ಕು ವರ್ಷದ ಮಗಳು ಬಾಗಿಲಲ್ಲಿ ನಿಂತು ಕೈ ಚಾಚಿದಾಗ ಕಾರಣ ಒದಗಿಬರಲಿಲ್ಲ. ನಿನ್ನ ಅಮ್ಮನನ್ನು ಕರೆಸಿಕೊಳ್ಳಲು ಆಗುವುದಾದರೆ ಕರೆಸಿಕೋ, ಪ್ರವಾಸಿ ವೀಸಾದಲ್ಲಿ 90 ದಿನ ಇರಬಹುದು. ಆದರೆ ಅದಕ್ಕೆ ಮೊದಲು ಅವರಿಗೆ ವಿಷಯ ತಿಳಿಸಬೇಕಾಗುತ್ತದೆ.

ಅಲ್ಲಿಗೇ ಬಂದೆ.

ನಾನು ಈ ದೇಶಕ್ಕೆ ಬಂದದ್ದು 2007ರ ಜನವರಿಯಲ್ಲಿ. ಪೆಟ್ಟಿಗೆಯಲ್ಲಿ ತೊಡದೇವು, ಮುರುಗಲು ಸಿಪ್ಪೆ, ಅಪ್ಪ ಒತ್ತಾಯದಿಂದ ತುರುಕಿದ್ದ ಎರಡು ಕಿಲೋ ಸಾಣಿಕಟ್ಟೆಯ ಉಪ್ಪು. ಜರ್ಮನಿಯಲ್ಲಿ ಉಪ್ಪು ಸಿಗುವುದಿಲ್ಲವೇ ಎಂದು ವಿಮಾನ ನಿಲ್ದಾಣದಲ್ಲಿ ಗಂಡ ನಕ್ಕಿದ್ದರು. ಹಳದಿಯಾಗಿ, ಒದ್ದೆಯಾಗಿ, ಅಘನಾಶಿನಿಯ ಕೆಸರಿನ ವಾಸನೆ ಹೊತ್ತ ಆ ಉಪ್ಪನ್ನು ನಾನು ಅಪ್ಪೆಹುಳಿಗೆ ಮಾತ್ರ ಚಿಟಿಕೆ ಚಿಟಿಕೆ ಬಳಸಿ, ಊರಿಗೆ ಹೋದಾಗಲೆಲ್ಲ ಮತ್ತೆ ತಂದು, ವರ್ಷಗಟ್ಟಲೆ ಇಟ್ಟುಕೊಂಡಿದ್ದೆ. ಚಿಕಿತ್ಸೆಗೆ ಮುಂಚೆ ಅಯೋಡಿನ್ ಸೇರಿಸಿದ ಉಪ್ಪು ಬೇಡ, ಸಮುದ್ರದ ಉಪ್ಪೂ ಬೇಡ ಎಂದರು. ಅಂಗಡಿಯಲ್ಲಿ ‘ಯೋಡ್’ ಎಂಬ ಪದವಿಲ್ಲದ ಪೊಟ್ಟಣ ಹುಡುಕಿ ತಂದು, ಅಪ್ಪನ ಉಪ್ಪಿನ ಡಬ್ಬಿಯನ್ನು ಕಪಾಟಿನ ಮೇಲಿಟ್ಟೆ. ಏಕೆ ಎಂದು ಅಪ್ಪನಿಗೆ ಹೇಳಲಿಲ್ಲ.

ಹೇಳದಿದ್ದುದಕ್ಕೆ ಕಾರಣವಿತ್ತು. ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ‘ವಿಕಿರಣ’ ಎನ್ನುವುದು ಬೈಗುಳದಂಥ ಶಬ್ದ. ಕೈಗಾ ಅಣುಸ್ಥಾವರ ವಿರೋಧದ ಸಭೆಗಳಿಗೆ ಅಪ್ಪ ಅಡಿಕೆ ಕೊಯ್ಲನ್ನೂ ಬಿಟ್ಟು ಹೋದವರು. 1989ರ ಲೋಕಸಭಾ ಚುನಾವಣೆಯಲ್ಲಿ ಶಿವರಾಮ ಕಾರಂತರು ಕೈಗಾ ಬೇಡವೆಂದು ನಮ್ಮ ಜಿಲ್ಲೆಯಿಂದ ಸ್ಪರ್ಧಿಸಿ ಸೋತಾಗ ಒಂದು ಹೊತ್ತು ಊಟ ಬಿಟ್ಟಿದ್ದರು. 1994ರಲ್ಲಿ ಅಲ್ಲಿ ಕಟ್ಟುತ್ತಿದ್ದ ಸ್ಥಾವರದ ಗುಮ್ಮಟದ ಒಳಗಿನ ಪದರ ಕುಸಿದಾಗ, ನಾನು ಹೇಳಿರಲಿಲ್ಲವೇ ಎಂದು ಕಂಡಕಂಡವರಿಗೆಲ್ಲ ಹೇಳಿದರು. ಅಂಥವರ ಮಗಳು ವಿಕಿರಣವನ್ನೇ ನುಂಗಿದ್ದೇನೆ ಎಂದು ಫೋನಿನಲ್ಲಿ ಹೇಗೆ ಹೇಳಲಿ? ‘ಗಂಟಲಿಗೆ ಏನೋ ಮಾತ್ರೆ ಕೊಟ್ಟಿದ್ದಾರೆ’ ಎಂದೆ. ನಿನ್ನ ಅಪ್ಪ ಕೈಗಾದಲ್ಲೇ ಕೆಲಸ ಮಾಡಿ ಮಲ್ಲಾಪುರದ ಟೌನ್‌ಶಿಪ್ಪಿನಲ್ಲಿ ಇದ್ದವರು ಎಂದು ಬರೆದಿದ್ದೀಯ. ಎಷ್ಟು ನುಂಗಿದೆ, ಎಷ್ಟು ದಿನ ಎಂದು ಅವರು ಅಂಕಿ ಕೇಳಬಹುದು. ನನ್ನ ಅಪ್ಪನಿಗೆ ಅಂಕಿಯಲ್ಲಿ ಆಸಕ್ತಿ ಇರಲಿಲ್ಲ.

2013ರ ಅಕ್ಟೋಬರಿನಲ್ಲಿ ಚಿಕಿತ್ಸೆ ಆಯಿತು. ನಾಲ್ಕು ವಾರಕ್ಕೆ ರಕ್ತ ಪರೀಕ್ಷೆ ಮಾಡಿ, ಹಾರ್ಮೋನು ಇನ್ನೂ ಸ್ವಲ್ಪ ಹೆಚ್ಚೇ ಇದೆ, ಕಾಯೋಣ, ತಿಂಗಳು ಬಿಟ್ಟು ಮತ್ತೆ ಬನ್ನಿ ಎಂದರು. ನಾನು ಹೋಗಲಿಲ್ಲ. ಕ್ರಿಸ್‌ಮಸ್ ರಜೆ, ಮಗಳಿಗೆ ಜ್ವರ, ಆಮೇಲೆ ಹೇಗೂ ಮಾರ್ಚಿನಲ್ಲಿ ಮಾರಿಕಾಂಬಾ ಜಾತ್ರೆಗೆ ಊರಿಗೆ ಹೋಗುವವಳು, ಅಲ್ಲಿಂದ ಬಂದೇ ನೋಡಿಕೊಂಡರಾಯಿತು ಎಂದುಕೊಂಡೆ. ಎದೆ ಹೊಡೆದುಕೊಳ್ಳುವುದು ನಿಂತಿತ್ತು, ಕೈ ನಡುಗುವುದು ನಿಂತಿತ್ತು. ಗುಣವಾದೆ ಎಂದೇ ನಂಬಿದೆ.

ಆಮೇಲೆ ಬಂದದ್ದನ್ನು ನಾನು ಕಾಯಿಲೆ ಎಂದು ಗುರುತಿಸಲಿಲ್ಲ. ಬೆಳಿಗ್ಗೆ ಏಳಲು ಆಗುತ್ತಿರಲಿಲ್ಲ, ಸುಮ್ಮಸುಮ್ಮನೆ ಅಳು, ಮೂಳೆಯೊಳಗೆ ಹೊಕ್ಕ ಚಳಿ, ಆಡಹೊರಟ ಮಾತೇ ಮರೆಯುವುದು. ಜರ್ಮನಿಯ ಜನವರಿಯಲ್ಲಿ ನಮ್ಮ ಕಡೆಯ ಯಾರಿಗೆ ಹೀಗಾಗುವುದಿಲ್ಲ ಹೇಳು? ಮನೆಯ ನೆನಪು, ಬಿಸಿಲಿಲ್ಲ, ಊರಿಗೆ ಹೋದರೆ ಸರಿಹೋಗುತ್ತದೆ ಎಂದರು ಗೆಳತಿಯರು. ನಾನೂ ಅದನ್ನೇ ಹೇಳಿಕೊಂಡೆ. ಎರಡು ವರ್ಷದ ಹಿಂದೆ ಮೈ ಇಳಿದು, ಬೆವರಿ, ನಿದ್ದೆಗೆಟ್ಟಿದ್ದಾಗಲೂ ಹೊಸ ಕೆಲಸದ ಗಡಿಬಿಡಿ ಎಂದು ಆರು ತಿಂಗಳು ತಳ್ಳಿದ್ದವಳು ನಾನೇ.

ಊರಿಗೆ ಹೋದೆ. ಮಾರ್ಚಿನ ಬಿಸಿಲಿನಲ್ಲಿ ಸ್ವೆಟರ್ ಹಾಕಿಕೊಂಡು ಜಗುಲಿಯಲ್ಲಿ ಕುಳಿತಿದ್ದೆ. ಮುಖ ಊದಿತ್ತು. ಬಂದವರೆಲ್ಲ ‘ಪರದೇಶದ ನೀರು ಹಿಡಿದಿದೆ, ಮೈ ತುಂಬಿದೆ’ ಎಂದು ಸಂತೋಷಪಟ್ಟರು. ಅಮ್ಮನಿಗೆ ಮಾತ್ರ ನನ್ನ ದನಿ ಒಡಕಾಗಿದ್ದು ಕೇಳಿಸಿತ್ತು, ಅವಳು ಮೆಣಸಿನ ಕಷಾಯ ಮಾಡಿಕೊಟ್ಟಳು. ಅಪ್ಪನಿಗೆ ಮೊಮ್ಮಗಳ ಜೊತೆ ನನ್ನನ್ನೂ ಕರೆದುಕೊಂಡು ಜಾತ್ರೆಗೆ ಹೋಗಬೇಕಿತ್ತು. ಗದ್ದುಗೆಯ ಮೇಲಿನ ದೇವಿಯನ್ನು ನೋಡಿ, ಬಳೆ ಕೊಡಿಸಿ, ರಾತ್ರಿ ಡೇರೆಯಲ್ಲಿ ಕುಳಿತು ಬೆಳಗಿನವರೆಗೆ ಯಕ್ಷಗಾನ, ನಾನು ಚಿಕ್ಕವಳಿದ್ದಾಗ ಮಾಡುತ್ತಿದ್ದಂತೆಯೇ. ಮೂರು ದಿನ ಕೇಳಿದರು. ನಾನು ಗೋಡೆಯ ಕಡೆ ತಿರುಗಿ ಮಲಗಿದ್ದವಳು, ‘ಮುಂದಿನ ಜಾತ್ರೆಗೆ ಬರುತ್ತೇನೆ ಅಪ್ಪ’ ಎಂದೆ. ಅದು ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ. ನಾಲ್ಕನೆಯ ದಿನ ಅವರು ಅಂಗಳದಲ್ಲಿ ಯಾರಿಗೋ ಹೇಳುವುದು ಕೇಳಿಸಿತು: ‘ಅವಳಿಗೆ ಈಗ ನಮ್ಮ ಜಾತ್ರೆಯೆಲ್ಲ ಸಣ್ಣದು.’ ಎದ್ದು ಹೋಗಿ ಹಾಗಲ್ಲ ಎನ್ನುವಷ್ಟು ತ್ರಾಣವೂ ಇರಲಿಲ್ಲ, ಹೇಳಲು ಒಂದು ನಿಜವೂ ಇರಲಿಲ್ಲ. ನಿಜವನ್ನು ನಾನೇ ಬಚ್ಚಿಟ್ಟಿದ್ದೆನಲ್ಲ.

ಮರಳಿ ಬಂದು ಪರೀಕ್ಷೆ ಮಾಡಿಸಿದಾಗ, ಗ್ರಂಥಿ ಸೋತಷ್ಟೂ ರಕ್ತದಲ್ಲಿ ಏರುವ ಟಿಎಸ್‌ಎಚ್ 90 ದಾಟಿತ್ತು. ಸುಮಾರು 4ರೊಳಗೆ ಇರಬೇಕಾದದ್ದು. ಡಾಕ್ಟರು ಕಾಗದ ನೋಡಿ, ನನ್ನನ್ನು ನೋಡಿ, ಇಲ್ಲಿಯವರೆಗೆ ನಡೆದೇ ಬಂದಿರಾ ಎಂದರು. ಗ್ರಂಥಿ ಸತ್ತಿತ್ತು, ಚಿಕಿತ್ಸೆ ತನ್ನ ಕೆಲಸವನ್ನು ಪೂರ್ತಿಯಾಗಿ ಮಾಡಿತ್ತು. ಹಾಗಾಗುತ್ತದೆ ಎಂದು ಮೊದಲೇ ಹೇಳಿಯೂ ಇದ್ದರು, ಅದಕ್ಕಾಗಿಯೇ ಆ ಪರೀಕ್ಷೆ ಇದ್ದದ್ದು. ಗ್ರಂಥಿಯ ಹಾರ್ಮೋನಿಗೆ ಬದಲಿಯಾದ ಲೆವೊಥೈರಾಕ್ಸಿನ್ ಮಾತ್ರೆ ಶುರುವಾಗಿ ಎರಡು ತಿಂಗಳಿಗೆ ಮನುಷ್ಯಳಾದೆ. ಅಪ್ಪ 2015ರ ಮಳೆಗಾಲದಲ್ಲಿ ಹೋದರು. ಮುಂದಿನ ಜಾತ್ರೆ ಬಂದದ್ದು 2016ರಲ್ಲಿ.

ಆದ್ದರಿಂದ ಹೇಳುತ್ತೇನೆ, ಪರೀಕ್ಷೆಯ ತಾರೀಕುಗಳನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಮಾಡು, ಅಡುಗೆಮನೆಯಲ್ಲಿ ತೂಗುಹಾಕು. ಮೊದಲ ಆರು ತಿಂಗಳಲ್ಲಿ ಒಂದನ್ನೂ ತಪ್ಪಿಸಬೇಡ. ಚಿಕಿತ್ಸೆಯಾದ ಮೇಲೆ ಮನೆಯ ನೆನಪು ಜಾಸ್ತಿ ಬರುತ್ತಿದೆ ಅನ್ನಿಸಿದರೆ ಮೊದಲು ರಕ್ತ ಕೊಡು, ಆಮೇಲೆ ಬೇಕಾದರೆ ಅಳು. ಮಾತ್ರೆ ಶುರುವಾದ ಮೇಲೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ ಅರ್ಧ ಗಂಟೆಯಾದರೂ ಏನೂ ಕುಡಿಯಬಾರದು, ಕ್ಯಾಲ್ಸಿಯಂ ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ. ಇಲ್ಲಿ ಇದು ಸುಲಭ. ಊರಲ್ಲಿ ಕಣ್ಣು ಬಿಡುವುದರೊಳಗೆ ‘ಆಸರಿಗೆ ಏನು ಕೊಡಲಿ’ ಎಂದು ಹಾಲಿನ ಕಷಾಯ ಹಿಡಿದು ನಿಂತಿರುತ್ತಾರೆ. ಬೇಡ ಎಂದರೆ ಮುಖ ಸಣ್ಣದಾಗುತ್ತದೆ. ನಾನು ಈಗ ಮಾತ್ರೆಯನ್ನು ದಿಂಬಿನ ಪಕ್ಕದಲ್ಲಿಟ್ಟುಕೊಂಡು ಐದಕ್ಕೇ ನುಂಗಿ ಮತ್ತೆ ಮಲಗುತ್ತೇನೆ. ಅಮ್ಮನಿಗೆ ಈಗ ಎಲ್ಲವೂ ಗೊತ್ತು. ಆದರೂ ಆರು ಗಂಟೆಗೆ ಬಂದು, ನಿನ್ನ ಗುಳಿಗೆಯ ಹೊತ್ತು ಮುಗಿಯಿತೇ ಎಂದು ಬಾಗಿಲಲ್ಲೇ ಕೇಳುತ್ತಾಳೆ.

ಊರಿಗೆ ಇವತ್ತೇ ಫೋನ್ ಮಾಡು. ಇಲ್ಲಿ ರಾತ್ರಿಯಾದರೆ ಅಲ್ಲಿ ಮಲಗಿರುತ್ತಾರೆ, ಮಧ್ಯಾಹ್ನವೇ ಮಾಡು. ಮೀನಿನ ವಿಷಯ ಮಾತ್ರ ನನ್ನನ್ನು ಕೇಳಬೇಡ ತಂಗಿ, ಘಟ್ಟದ ಮೇಲಿನ ಹವ್ಯಕರ ಮನೆಯವಳು ನಾನು. ಬಂಗಡೆಗೂ ಸಿಗಡಿಗೂ ವ್ಯತ್ಯಾಸ ತಿಳಿಯದು. ಡಾಕ್ಟರನ್ನು ಕೇಳು. ಅವರು ಆಗಬಹುದು ಎಂದ ದಿನ ನಿನ್ನ ಅಮ್ಮ ಇಲ್ಲಿಯೇ ಇದ್ದರೆ, ಕಿಟಕಿ ತೆರೆದಿಟ್ಟು ಹುರಿಯಲು ಹೇಳು. ಇಲ್ಲಿಯ ನೆರೆಯವರು ಬಹಳ ಬೇಗ ದೂರು ಕೊಡುತ್ತಾರೆ.