ಪಹಣಿಯಲ್ಲಿ ಹೆಸರಿಲ್ಲದವರ ಸನ್ಮಾನ
ಬ್ರಹ್ಮಾವರದ ಓದುಗರೊಬ್ಬರು ಬರೆದಿದ್ದಾರೆ: "ಉಡುಪಿಯಲ್ಲಿ ನಡೆದ ಸಾವಯವ ಕೃಷಿಕರ ಸನ್ಮಾನದ ಫೋಟೋ ನಿಮ್ಮ ಪತ್ರಿಕೆಯಲ್ಲಿ ನೋಡಿದೆ. ಶಾಲು ಹೊದ್ದವರೆಲ್ಲ ಗಂಡಸರೇ. ನಮ್ಮ ಅತ್ತೆ ಮದುವೆಯಾಗಿ ಬಂದಾಗಿನಿಂದ ತರಕಾರಿ ಬೀಜ ಉಳಿಸಿಕೊಂಡು ಬಂದಿದ್ದಾರೆ. ಹಟ್ಟಿಗೊಬ್ಬರ, ಸುಡುಮಣ್ಣು ಬಿಟ್ಟು ಬೇರೇನೂ ಹಾಕಿದವರಲ್ಲ. ಅರ್ಜಿ ಹಾಕಲು ಹೋದರೆ ಪಹಣಿ ಕೇಳಿದರು. ಅದು ಮಾವನ ಹೆಸರಲ್ಲಿದೆ. ಬೀಜ ಉಳಿಸಿದ್ದು ಸಾಧನೆ ಅಲ್ವಾ?"

ಅಕ್ಕಾ, ಖಂಡಿತ ಸಾಧನೆ. 2024ರಲ್ಲಿ ಪದ್ಮಶ್ರೀ ಪಡೆದ ಕಾಸರಗೋಡಿನ ಸತ್ಯನಾರಾಯಣ ಬೆಳೇರಿಯವರನ್ನೇ ನೋಡಿ. 650ಕ್ಕೂ ಜಾಸ್ತಿ ಭತ್ತದ ತಳಿಗಳನ್ನು ಅವರು ಕಾಪಾಡಿದ್ದಾರೆ. ಚೀಲಗಳಲ್ಲಿ ಮಣ್ಣು ತುಂಬಿ, ಒಂದೊಂದು ತಳಿಯನ್ನೂ ಬೆಳೆಸಿ, ಮತ್ತೆ ಬೀಜ ಮಾಡುತ್ತಾರೆ. ಅವರ ಕೆಲಸ ಶುರುವಾದದ್ದು ಗಾಂಧಿವಾದಿ ಕೃಷಿಕ ಚೇರ್ಕಾಡಿ ರಾಮಚಂದ್ರ ರಾಯರಿಂದ ಸಿಕ್ಕಿದ ಒಂದು ಹಿಡಿ ರಾಜಕಯಮೆ ಭತ್ತದಿಂದ. ಚೇರ್ಕಾಡಿ ನಿಮ್ಮ ತಾಲೂಕೇ. ದೇಶ ಬೆಳೇರಿಯವರ ಎಕರೆ ಲೆಕ್ಕ ಕೇಳಲಿಲ್ಲ, ಬೀಜ ನೋಡಿತು. ನಿಮ್ಮ ಅತ್ತೆ ಮಾಡುತ್ತಿರುವುದೂ ಅದೇ ಜಾತಿಯ ಕೆಲಸ.

ಬೀಜ ಉಳಿಸುವುದೆಂದರೆ ಸುಮ್ನೆ ಡಬ್ಬಿಗೆ ಹಾಕಿಡುವುದಲ್ಲ. ಬಳ್ಳಿಯಲ್ಲಿ ಎಲ್ಲಕ್ಕಿಂತ ಚೆಂದ ಕಂಡ ಸೌತೆಯನ್ನು ಕೊಯ್ಯದೆ ಬಿಡಬೇಕು. ಮನೆಯವರು ಹುಳಿಗೆ ಕೇಳಿದರೂ ಕೊಡಬಾರದು. ಹಣ್ಣಾದ ಮೇಲೆ ಬೀಜ ತೊಳೆದು, ಬೂದಿಯಲ್ಲಿ ಹೊರಳಿಸಿ, ಸೆಗಣಿಯಲ್ಲಿ ಒತ್ತಿ ಗೋಡೆಗೆ ತಟ್ಟಬೇಕು. ಹೀರೆಯಾದರೆ ಬಳ್ಳಿಯಲ್ಲೇ ಒಣಗಿ, ಅಲ್ಲಾಡಿಸಿದರೆ ಗಲಗಲ ಅನ್ನಬೇಕು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಬೀಜಕ್ಕೆ ಬೂಸ್ಟು ಹಿಡಿಯಲು ಹೆಚ್ಚು ದಿನ ಬೇಡ. ಅದಕ್ಕೇ ಒಲೆಯ ಹೊಗೆ ತಾಗುವಲ್ಲಿ ಇಡುವುದು. ನಾಲ್ಕೈದು ಮಳೆಗಾಲ ಬಿತ್ತದೆ ಬಿಟ್ಟರೆ ಆ ಬೀಜದ ಆಸೆ ಬಿಟ್ಟ ಹಾಗೆಯೇ. ಪೇಟೆಯ ಹೈಬ್ರಿಡ್ ಬೀಜ ಬಿತ್ತಿದವರು ಮರುವರ್ಷ ಮತ್ತೆ ಅಂಗಡಿಗೇ ಹೋಗಬೇಕು. ಅದರಿಂದ ತೆಗೆದಿಟ್ಟ ಬೀಜ ಮೊದಲಿನ ಗುಣ ಕೊಡುವುದಿಲ್ಲ. ಬೀಜ ಸ್ವಂತದ್ದಿಲ್ಲದೆ ಬರೀ ಗೊಬ್ಬರ ಸ್ವಂತದ್ದಾದರೆ ಸಾವಯವ ಕೃಷಿ ಅರ್ಧವೇ ಆಯಿತು ಎಂದು ನಾನು ನಂಬುತ್ತೇನೆ.

ಇನ್ನು ಪಹಣಿ. ಸಾಲಕ್ಕೆ, ಸಬ್ಸಿಡಿಗೆ ಅದು ಬೇಕು, ಸರಿ. ಸನ್ಮಾನಕ್ಕೆ ಯಾಕೆ? ಜಾಗ ಯಾರದ್ದೆಂದು ಅದು ಹೇಳುತ್ತದೆ. ಗೊಬ್ಬರದ ಬುಟ್ಟಿ ಹೊತ್ತವರು ಯಾರೆಂದು ಹೇಳುವುದಿಲ್ಲ. ಬೇರೆಯವರು ಬೇಸಾಯ ಮಾಡದೆ ಹಡಿಲು ಬಿಟ್ಟ ಗದ್ದೆ ಕೇಳಿ ಪಡೆದು ಬೇಸಾಯ ಮಾಡುವವರದ್ದೂ ಇದೇ ಗೋಳು.

ಸನ್ಮಾನ ಮಾಡುವ ಸಂಘದವರಲ್ಲಿ ನನ್ನ ವಿನಂತಿ: ಅರ್ಜಿಗೆ ಕಾಯಬೇಡಿ, ಮನೆಗೆ ಹೋಗಿ. ಈ ಬೀಜ ತೆಗೆದಿಟ್ಟವರು ಯಾರು ಎಂದು ಕೇಳಿ. ನೆರೆಕರೆಯವರು ಬೀಜ ಬೇಕಾದಾಗ ಯಾರ ಹತ್ತಿರ ಬರುತ್ತಾರೆ ಎಂದೂ ಕೇಳಿ. ಶಾಲು, ಹಣ್ಣಿನ ಬುಟ್ಟಿ ಇರಲಿ, ಹಿರಿಯರಿಗೆ ಅದು ಖುಷಿಯೇ. ಆದರೆ ಅತಿಥಿಗಳ ಭಾಷಣ ಕಡಿಮೆ ಮಾಡಿ ಅವರ ಕೈಗೆ ಮೈಕ್ ಕೊಡಿ. ತುಳುವಿನಲ್ಲೋ ಕುಂದಗನ್ನಡದಲ್ಲೋ ಅವರಿಗೆ ಬಂದ ಹಾಗೆ ಮಾತಾಡಲಿ. ಸಭೆಗೆ ಬಂದವರು ಅವರ ಬೀಜ ಒಂದು ಹಿಡಿ ಕ್ರಯ ಕೊಟ್ಟು ಒಯ್ದು ಬಿತ್ತಲಿ.

ಅಕ್ಕಾ, ನಿಮ್ಮಲ್ಲೂ ಒಂದು ಕೋರಿಕೆ. ಅತ್ತೆಯ ಹತ್ತಿರ ಯಾವ ಯಾವ ಬೀಜ ಇದೆ, ಯಾವುದು ಯಾರ ಮನೆಯಿಂದ ಬಂದದ್ದು, ಯಾವಾಗ ಬಿತ್ತುತ್ತಾರೆ, ಹೇಗೆ ಒಣಗಿಸುತ್ತಾರೆ ಎಂದು ಕೇಳಿ ಬರೆದು ಕಳಿಸಿ. ಅವರು ಒಪ್ಪಿದರೆ ಅವರದೇ ಹೆಸರಿನಲ್ಲಿ, ಫೋಟೋ ಜೊತೆ ಪ್ರಕಟಿಸುತ್ತೇವೆ.