ಗ್ಲಾಂಜಾ ಬಿಚ್ಚಿದರೆ ಬಲೆನೊ ಸಿಗುತ್ತದೆ

ಪ್ರಶ್ನೆ: ಸರ್, ಮನೆಗೆ ಮೊದಲ ಕಾರು ಕೊಳ್ಳುತ್ತಿದ್ದೇವೆ. ನನಗೆ ಮಾರುತಿ ಸುಜುಕಿಯ ಬಲೆನೊ ಇಷ್ಟ. ಬಾಡಿಗೆ ಇನೋವಾ ಓಡಿಸುವ ನಮ್ಮ ಮಾವ ಮಾತ್ರ, ‘ಟೊಯೊಟಾ ಎಂಜಿನ್‌ಗೆ ಸಾವೇ ಇಲ್ಲ, ಗ್ಲಾಂಜಾ ತೆಗೆದುಕೊ’ ಎನ್ನುತ್ತಾರೆ. ಯಾವುದು ಬಾಳಿಕೆ ಬರುತ್ತದೆ? (ಹರಿಹರದ ಓದುಗರು)

ಉತ್ತರ: ಇದೇ ಪ್ರಶ್ನೆ ಹೆಸರು ಬದಲಿಸಿಕೊಂಡು ಬರುತ್ತಲೇ ಇದೆ. ಈ ಸಲ ಉದ್ದವಾಗಿಯೇ ಬರೆಯುತ್ತೇನೆ, ಮಾವನಿಗೂ ಓದಿಸಿ.

ಗ್ಲಾಂಜಾದ ಬಾನೆಟ್ ಎತ್ತಿದರೆ ಕಾಣುವುದು ಸುಜುಕಿಯ 1.2 ಲೀಟರ್ ಎಂಜಿನ್. 2019ರಲ್ಲಿ ಬಂದ ಮೊದಲ ಗ್ಲಾಂಜಾ ಎಂದರೆ ಗ್ರಿಲ್ ಮತ್ತು ಲಾಂಛನ ಬದಲಿಸಿದ ಬಲೆನೊ. 2022ರಲ್ಲಿ ಮೂತಿಯನ್ನು ಇನ್ನಷ್ಟು ಬೇರೆ ಮಾಡಿದರು, ಹೊಟ್ಟೆಯೊಳಗಿನದು ಒಂದೇ ಉಳಿಯಿತು. ಎರಡೂ ತಯಾರಾಗುವುದು ಗುಜರಾತಿನ ಸುಜುಕಿ ಕಾರ್ಖಾನೆಯಲ್ಲಿ. ಇನ್ನೊಂದು ಕಡೆ, ‘ಮಾರುತಿಯೇ? ಬೇಡ’ ಎಂದು ಮೂಗು ಮುರಿಯುವವರು ಬಿಟ್ಟುಬರುವ ಗ್ರ್ಯಾಂಡ್ ವಿಟಾರಾ 2022ರಲ್ಲಿ ಮಾರುಕಟ್ಟೆಗೆ ಬಂದದ್ದು ನಮ್ಮ ಬಿಡದಿಯ ಟೊಯೊಟಾ ಕಾರ್ಖಾನೆಯಿಂದ. ಅದರ ಸ್ಟ್ರಾಂಗ್ ಹೈಬ್ರಿಡ್ (ಪೆಟ್ರೋಲ್ ಜೊತೆ ಬ್ಯಾಟರಿಯಿಂದಲೂ ಓಡುವ) ಮಾದರಿಯ ಎಂಜಿನ್ ಕೂಡ ಟೊಯೊಟಾದ್ದೇ. ಲಾಂಛನ ನೋಡಿ ಎಂಜಿನ್ ಆರಿಸುವವರಿಗೆ ಇದಕ್ಕಿಂತ ದೊಡ್ಡ ತಮಾಷೆ ಬೇಕೆ?

ಮಾವನ ಅನುಭವ ಸುಳ್ಳಲ್ಲ. ಕ್ವಾಲಿಸ್ ಮತ್ತು ಹಳೆಯ ಇನೋವಾ ಗಳಿಸಿದ ಹೆಸರು ಸುಮ್ಮನೆ ಬಂದದ್ದಲ್ಲ. ಆದರೆ ಅವು ಪ್ರತ್ಯೇಕ ಚಾಸಿಸ್ (ಅಡಿಚೌಕಟ್ಟು) ಮೇಲೆ ಕೂತ ಡೀಸೆಲ್ ಗಾಡಿಗಳು. ಈಗಿನ ಇನೋವಾ ಹೈಕ್ರಾಸ್‌ಗೇ ಆ ಚಾಸಿಸ್ ಇಲ್ಲ, ಡೀಸೆಲ್ ಎಂಜಿನ್ನೂ ಇಲ್ಲ. ತಾತನ ಕುಸ್ತಿಯ ಕೀರ್ತಿಗೆ ಮೊಮ್ಮಗನಿಗೆ ಪದಕ ಕೊಡುವಂತಿದೆ ಈ ಲೆಕ್ಕ. ಅಲ್ಲದೆ ಬಾಡಿಗೆ ಕಾರಿನವರು ಗಾಡಿ ನಿಂತರೆ ಊಟ ನಿಲ್ಲುತ್ತದೆ ಎಂದು ಎಂಜಿನ್ ಎಣ್ಣೆಯನ್ನು ಹೊತ್ತಿಗೆ ಸರಿಯಾಗಿ ಬದಲಿಸುತ್ತಾರೆ. ಆ ಶಿಸ್ತಿನ ಫಲವನ್ನೆಲ್ಲ ಕಂಪನಿಯ ಖಾತೆಗೆ ಬರೆಯುತ್ತೇವೆ.

ಫಿಯಟ್‌ನ 1.3 ಮಲ್ಟಿಜೆಟ್ ಡೀಸೆಲ್ ನೆನಪಿದೆಯೇ? 1248 ಸಿಸಿಯ ಅದೇ ಎಂಜಿನ್ ಮಾರುತಿಯ ಸ್ವಿಫ್ಟ್‌ನಲ್ಲಿತ್ತು, ಟಾಟಾದ ಇಂಡಿಕಾ ವಿಸ್ಟಾದಲ್ಲಿತ್ತು, ಫಿಯಟ್‌ನದೇ ಪುಂಟೊ, ಲೀನಿಯಾಗಳಲ್ಲೂ ಇತ್ತು. ಸ್ವಿಫ್ಟ್‌ನಲ್ಲಿದ್ದಾಗ ಚಿನ್ನ ಎಂದವರೇ ಲೀನಿಯಾದಲ್ಲಿದ್ದಾಗ ತಲೆನೋವು ಎಂದರು. ಕೆಟ್ಟದ್ದು ಎಂಜಿನ್ ಅಲ್ಲ. ಸ್ವಿಫ್ಟ್‌ನ ಬಿಡಿಭಾಗ ಎಲ್ಲಿ ಬೇಕಾದರೂ ಸಿಗುತ್ತಿತ್ತು, ಲೀನಿಯಾದ್ದನ್ನು ದಾವಣಗೆರೆಯಲ್ಲಿ ಕೂತು ಕಾಯಬೇಕಿತ್ತು. ನಾವು ನಂಬಿಕೆಗೆ ಅರ್ಹ ಕಾರು ಎಂದು ಕರೆಯುವುದರಲ್ಲಿ ಅರ್ಧದಷ್ಟು ಇದೇ: ಭಾಗ ಎಷ್ಟು ಬೇಗ ಬರುತ್ತದೆ, ಬಿಚ್ಚಿದವನಿಗೆ ಮತ್ತೆ ಜೋಡಿಸಲು ಬರುತ್ತದೆಯೇ.

ಹಿಂದೆ ವಾರಂಟಿಯ ಕಾರಣಕ್ಕೆ ಗ್ಲಾಂಜಾ ಕೊಳ್ಳಿ ಎನ್ನಬಹುದಿತ್ತು. ಟೊಯೊಟಾ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್ ಕೊಡುತ್ತಿದ್ದಾಗ ಮಾರುತಿಯದು 2 ವರ್ಷ ಅಥವಾ 40,000. 2024ರ ಜುಲೈನಲ್ಲಿ ಮಾರುತಿಯೂ ಅಷ್ಟೇ ಕೊಡಲು ಶುರು ಮಾಡಿತು, ಆ ವಾದ ಮುಗಿಯಿತು. ಬೆಲೆ ಮತ್ತು ಸರ್ವಿಸ್ ಎರಡೂ ಕಡೆ ಒಂದೇ ಎನಿಸಿದರೆ ನಾನು ಬಲೆನೊ ಎನ್ನುತ್ತೇನೆ. ಜಗಳೂರು, ಹೊಸದುರ್ಗದ ಕಡೆ ರಾತ್ರಿ ಗಾಡಿ ಕೈಕೊಟ್ಟರೆ ಮಾರುತಿ ಬಲ್ಲ ಮೇಸ್ತ್ರಿ ಸಿಗುವ ಸಾಧ್ಯತೆ ಹೆಚ್ಚು. ಗ್ಲಾಂಜಾದ ಒಳಭಾಗಗಳಿಗೂ ಅವನು ಸಾಕು, ಒಡೆದ ಬಂಪರ್‌ಗೆ ಮಾತ್ರ ಟೊಯೊಟಾ ಬಾಗಿಲೇ ಗತಿ. ಇದು ಅಂಜುಬುರುಕನ ಸಲಹೆ ಎಂದರೂ ಬೇಸರವಿಲ್ಲ.

ಯಾವುದನ್ನೇ ಕೊಂಡರೂ ಕೈಪಿಡಿಯ ಒಂದು ಸಾಲನ್ನು ಪೂರ್ತಿ ಓದಿ: ಎಣ್ಣೆ ಬದಲಿಸಲು 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ‘ವರ್ಷಕ್ಕೆ ನಾಲ್ಕು ಸಾವಿರವೂ ಓಡಿಲ್ಲ ಸರ್’ ಎಂದು ಎರಡು ವರ್ಷದ ಎಣ್ಣೆ ಇಟ್ಟುಕೊಂಡು ಬರುವವರಿಗೆ ಏನು ಹೇಳಲಿ? ಪಿ.ಜೆ. ಬಡಾವಣೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಓಡುವ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಒಳಗೆ ಸೇರಿದ ತೇವ, ಪೆಟ್ರೋಲ್ ಅಂಶ ಎಣ್ಣೆಯಲ್ಲೇ ಉಳಿದು ಕೊಳೆಯಾಗುತ್ತದೆ. ಇದರ ಮೇಲೆ ‘ನಮ್ಮ ಬಿಸಿಲಿಗೆ ದಪ್ಪ ಎಣ್ಣೆಯೇ ಸರಿ’ ಎಂದು ಸಿಕ್ಕ ಡಬ್ಬಿ ಸುರಿಯುವ ಪಂಡಿತರು ಬೇರೆ. ಈ ಎಂಜಿನ್ನಿನ ವಾಲ್ವ್‌ಗಳು ತೆರೆದು ಮುಚ್ಚುವ ಸಮಯವನ್ನು ಹಿಂದೆಮುಂದೆ ಮಾಡುವುದೇ ಸಣ್ಣ ದಾರಿಗಳಲ್ಲಿ ಹರಿಯುವ ಎಣ್ಣೆಯ ಒತ್ತಡ. ಕೈಪಿಡಿ ಹೇಳಿದ ದರ್ಜೆಯ ಎಣ್ಣೆಯನ್ನು ಬಿಟ್ಟು ಬೇರೆ ಹಾಕಿದರೆ ಲಾಂಛನ ಬಂದು ಕಾಪಾಡುವುದಿಲ್ಲ.

ಪ್ರಶ್ನೆ: ಬಾಗಿಲು ಹಾಕಿದರೆ ‘ಧಪ್’ ಎನ್ನುವ ಕಾರು ಹೆಚ್ಚು ಸುರಕ್ಷಿತವೇ? (ಚಿತ್ರದುರ್ಗ)

ಉತ್ತರ: ಆ ಸದ್ದು ರಬ್ಬರ್ ಬೀಡಿಂಗ್‌ನದು, ತಗಡಿನ ಒಳಗೆ ಅಂಟಿಸಿದ ಹಾಳೆಯದು. 2023ರಿಂದ ಭಾರತ್ ಎನ್‌ಕ್ಯಾಪ್ ಕಾರುಗಳನ್ನು ಗುದ್ದಿಸಿ ನೋಡಿ ಅಂಕ ಕೊಡುತ್ತಿದೆ. ಅದನ್ನು ನೋಡಿ, ಬಾಗಿಲು ಬಡಿಯಬೇಡಿ.

ಪ್ರಶ್ನೆ: ದೊಡ್ಡ ಗ್ರಿಲ್ ಇದ್ದರೆ ನಮ್ಮ ಬಿಸಿಲಿನಲ್ಲಿ ಎಂಜಿನ್ ತಂಪಾಗಿರುತ್ತದಲ್ಲವೇ?

ಉತ್ತರ: ಷೋರೂಮಿನಲ್ಲಿ ಅದರೊಳಗೆ ಬೆರಳು ತೂರಿಸಿ ನೋಡಿ. ಎಷ್ಟೋ ಕಾರುಗಳಲ್ಲಿ ಬಹುಭಾಗ ಮುಚ್ಚಿದ ಪ್ಲಾಸ್ಟಿಕ್. ಅದು ಇರುವುದು ಹಿಂದಿನಿಂದ ಬರುವ ಕಾರು ಯಾರದು ಎಂದು ಕನ್ನಡಿಯಲ್ಲಿ ಗುರುತು ಸಿಗಲಿ ಎಂದು.

ಪ್ರಶ್ನೆ: ಗುಂಡಿಗಳಿರುವ ಕಾರು ಹಳೆಯ ಕಾಲದ್ದು, ದೊಡ್ಡ ಪರದೆಯದು ತೆಗೆದುಕೊಳ್ಳಿ ಎನ್ನುತ್ತಾನೆ ಮಗ.

ಉತ್ತರ: ಗುಂಡಿ ರಸ್ತೆಯಲ್ಲಿ ಪರದೆ ಒತ್ತಿ ಎ.ಸಿ. ಕಡಿಮೆ ಮಾಡಿ ತೋರಿಸಲಿ. ಯುರೋಪಿನ ಎನ್‌ಕ್ಯಾಪ್ 2026ರಿಂದ ಇಂಡಿಕೇಟರ್, ವೈಪರ್, ಹಾರನ್‌ಗಳಿಗೆ ಕೈಗೆ ಸಿಗುವ ಗುಂಡಿ ಅಥವಾ ಹಿಡಿಕೆ ಇರಲಿ ಎನ್ನುತ್ತಿದೆ.

ಪ್ರಶ್ನೆ: ಪೆಟ್ರೋಲ್ ಟ್ಯಾಂಕ್‌ಗೆ ನುಸಿಗುಳಿಗೆ ಹಾಕಿದರೆ ಮೈಲೇಜ್ ಬರುತ್ತದೆಯೇ?

ಉತ್ತರ: ಬೀರುವಿನಲ್ಲಿ ಇಡಿ.

ಪ್ರಶ್ನೆ: ಮೆಕ್ಕೆಜೋಳದ ಗೋದಾಮಿನ ಪಕ್ಕ ಕಾರು ನಿಲ್ಲಿಸುತ್ತೇನೆ. ಇಲಿ ವೈರ್ ಕಡಿಯುತ್ತದೆ. ಯಾವ ಕಂಪನಿಯ ಕಾರಿಗೆ ಈ ಕಾಟವಿಲ್ಲ?

ಉತ್ತರ: ಅಂಥ ಕಂಪನಿ ಇಲ್ಲ. ಜಾಗ ಬದಲಿಸಿ, ಆಗದಿದ್ದರೆ ದಿನ ಬಿಟ್ಟು ದಿನವಾದರೂ ಓಡಿಸಿ. ಬಾನೆಟ್ ಒಳಗೆ ಹೊಗೆಸೊಪ್ಪು ಕಟ್ಟುವ ವಿದ್ಯೆಯನ್ನು ಮಾತ್ರ ನನಗೆ ಹೇಳಬೇಡಿ. ಒಣಗಿದ ಎಲೆ ಕಾದ ಎಕ್ಸಾಸ್ಟ್ ಕೊಳವೆಯ ಮೇಲೆ ಬಿದ್ದರೆ ಕಡಿಯಲು ವೈರೇ ಉಳಿಯುವುದಿಲ್ಲ.