ಮಗುವಿಗೆ ಐದು ತಿಂಗಳು, ಇನ್ನೊಂದು ಈಗಲೇ ಬೇಡ: ವಂಕಿಯಾ, ಗುಳಿಗೆಯಾ, ಇಂಜೆಕ್ಷನ್ನಾ?

ನೀವು ಕೇಳಿದ್ದು ಇಷ್ಟು. ವಯಸ್ಸು 26, ತೀರ್ಥಹಳ್ಳಿ ಕಡೆಯ ಹಳ್ಳಿ. ಮಗುವಿಗೆ ಐದು ತಿಂಗಳು, ಮುಟ್ಟು ಇನ್ನೂ ಬಂದಿಲ್ಲ. ಯಜಮಾನರು ಬೆಂಗಳೂರಿನಲ್ಲಿ, ಹದಿನೈದು ದಿನಕ್ಕೊಮ್ಮೆ ಬರುತ್ತಾರೆ. ಎರಡನೆಯದಕ್ಕೆ ಮೂರು ವರ್ಷ ಬಿಡಬೇಕು. ವಂಕಿ (ಗರ್ಭಕೋಶದೊಳಗೆ ಇಡುವ ಕಾಪರ್ ಟಿ) ಅಂದರೆ ಅತ್ತೆ ‘ಅದು ಮೇಲೆ ಹತ್ತುತ್ತೆ’ ಅಂತಾರೆ, ಅಕ್ಕ ‘ಹಾಲು ಕುಡಿಸೋವರೆಗೂ ಏನೂ ಆಗಲ್ಲ’ ಅಂತಾರೆ. ನಾನು ಹೊಸನಗರ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್. ಲಸಿಕೆಗೆ ಬಂದ ತಾಯಂದಿರು ಎಲ್ಲರೂ ಹೋಗುವ ತನಕ ಕಾದು, ಆಮೇಲೆ ಮೆಲ್ಲಗೆ ಕೇಳುವ ಪ್ರಶ್ನೆಯೇ ಇದು.

ಮೊದಲು ಅಕ್ಕನ ಮಾತು. ಅದು ಪೂರ್ತಿ ಸುಳ್ಳಲ್ಲ, ಆದರೆ ಮೂರು ಷರತ್ತು ಇವೆ. ಮಗುವಿಗೆ ಆರು ತಿಂಗಳು ತುಂಬಿರಬಾರದು, ಮುಟ್ಟು ಬಂದಿರಬಾರದು, ಹಗಲೂ ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು. ಮೂರೂ ಇದ್ದರೆ ಗರ್ಭ ನಿಲ್ಲುವುದು ನೂರಕ್ಕೆ ಇಬ್ಬರಿಗೂ ಇಲ್ಲ. ನೀವು ಈಗಾಗಲೇ ರಾಗಿ ಮಣ್ಣಿ ಶುರು ಮಾಡಿದ್ದೇನೆ ಅಂದಿರಿ. ಅಲ್ಲಿಗೆ ಆ ರಕ್ಷಣೆ ನಂಬುವ ಹಾಗಿಲ್ಲ. ಮುಟ್ಟು ಬಂದ ಮೇಲೆ ನೋಡೋಣ ಅಂತಲೂ ಕೂರಬೇಡಿ. ಅಂಡ ಬಿಡುಗಡೆಯಾಗಿ ಸುಮಾರು ಎರಡು ವಾರಕ್ಕೆ ಮುಟ್ಟು ಬರುವುದು. ಅಂದ್ರೆ ಬಾಣಂತನದ ಮೊದಲ ಮುಟ್ಟು ಕಾಣುವ ಮುಂಚೆಯೇ ಬಸುರಾಗಬಹುದು. ಹೀಗೆ ಆದವರು ನಮ್ಮಲ್ಲಿ ಬೇಕಾದಷ್ಟು ಜನ.

ಯಾವುದು ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ನಾನು ತಿರುಗಿಸಿ ಕೇಳುವುದು ಬೇರೆ: ನೀವು ಮರೆತ ದಿನ ಏನಾಗುತ್ತೆ? ಪುಷ್ಯ ಮಳೆ ಹೊಡೆದು ಬಸ್ಸು ನಿಂತ ವಾರ ಏನಾಗುತ್ತೆ? ಪ್ಯಾಕೆಟ್ ಮೇಲೆ ಬರೆದದ್ದಕ್ಕೂ ಮನೆಯಲ್ಲಿ ನಡೆಯುವುದಕ್ಕೂ ವ್ಯತ್ಯಾಸ ಬರುವುದು ಅಲ್ಲೇ. ನಿತ್ಯದ ಗುಳಿಗೆ ಸರಿಯಾಗಿ ನುಂಗಿದರೆ ವರ್ಷಕ್ಕೆ ನೂರರಲ್ಲಿ ಒಬ್ಬರಿಗೂ ಗರ್ಭ ನಿಲ್ಲಲ್ಲ. ಜನ ನಿಜವಾಗಿ ನುಂಗುವ ರೀತಿಯಲ್ಲಿ ಅದು ಏಳಾಗುತ್ತೆ, ಕಾಂಡೋಮ್‌ಗೆ ಹದಿಮೂರು. ವಂಕಿಗೆ ಎರಡು ಲೆಕ್ಕದಲ್ಲೂ ಒಂದಕ್ಕಿಂತ ಕಡಿಮೆ. ಯಾಕಂದ್ರೆ ಅಲ್ಲಿ ನೆನಪಿಡುವ ಕೆಲಸವೇ ಇಲ್ಲ.

ನಿಮ್ಮ ಲೆಕ್ಕಕ್ಕೆ ನನ್ನ ಓಟು ವಂಕಿಗೇ. ಅತ್ತೆಯವರ ಹೆದರಿಕೆ ಬಿಡಿಸೋಣ. ನಾನು ಯಾವಾಗಲೂ ಅದನ್ನು ಅಂಗೈ ಮೇಲಿಟ್ಟು ತೋರಿಸುತ್ತೇನೆ. ಮೂರು ಸೆಂಟಿಮೀಟರಿಗಿಂತ ಸ್ವಲ್ಪ ಉದ್ದದ ಬಿಳಿ ಪ್ಲಾಸ್ಟಿಕ್, ಇಂಗ್ಲಿಷ್ ಟಿ ಅಕ್ಷರದ ಹಾಗೆ, ಕಾಂಡಕ್ಕೆ ಸಣ್ಣ ತಾಮ್ರದ ತಂತಿ ಸುತ್ತಿರುತ್ತೆ, ಕೆಳಗೆ ಎರಡು ತೆಳು ದಾರ. ಬೆರಳಲ್ಲಿ ಒತ್ತಿದರೆ ಕೈ ಮಡಚುತ್ತೆ, ಬಿಟ್ಟರೆ ಬಿಚ್ಚಿಕೊಳ್ಳುತ್ತೆ. ನೋಡಿದವರಲ್ಲಿ ಅರ್ಧ ಜನ ‘ಇಷ್ಟೇನಾ’ ಅಂತಾರೆ. ಆ ತಾಮ್ರ ವೀರ್ಯಾಣುಗಳ ಕೈಕಾಲು ಕಟ್ಟಿಹಾಕುತ್ತೆ, ಹಾರ್ಮೋನ್ ಏನೂ ಇಲ್ಲ, ಹಾಲಿಗೆ ತೊಂದರೆ ಇಲ್ಲ. ಸರಿಯಾಗಿ ಕೂತದ್ದು ತಾನಾಗಿ ಎದೆಗೆ ಹತ್ತಿಹೋಗಲು ದಾರಿ ಇಲ್ಲ. ಹಾಕುವಾಗ ಗರ್ಭಕೋಶದ ಗೋಡೆಗೆ ತೂತಾಗಿ ಹೊಟ್ಟೆಯೊಳಗೆ ಹೋಗುವುದು ಅಪರೂಪಕ್ಕೆ ಉಂಟು, ಸಾವಿರಕ್ಕೆ ಒಂದೆರಡು, ಹಾಲುಣಿಸುವವರಲ್ಲಿ ಸ್ವಲ್ಪ ಜಾಸ್ತಿ. ಅದಕ್ಕೇ ತರಬೇತಿ ಆದವರ ಕೈಯಲ್ಲೇ ಹಾಕಿಸಿಕೊಳ್ಳಿ. ಕೆಲವರಿಗೆ ಮೊದಲ ತಿಂಗಳುಗಳಲ್ಲಿ ಜಾರಿ ಹೊರಗೆ ಬರುವುದೂ ಇದೆ. ಮುಟ್ಟಾದ ಮೇಲೆ ದಾರ ಕೈಗೆ ಸಿಗುತ್ತಾ ನೋಡಿಕೊಂಡರೆ ಗೊತ್ತಾಗುತ್ತೆ.

ತೊಂದರೆ ಇಲ್ಲ ಅಂತ ನಾನು ಹೇಳಲ್ಲ. ಮೊದಲ ಮೂರರಿಂದ ಆರು ತಿಂಗಳು ಮುಟ್ಟು ಜಾಸ್ತಿ ಹೋಗಬಹುದು, ಹೊಟ್ಟೆ ಹಿಂಡಬಹುದು. ಮೊದಲೇ ತುಂಬಾ ರಕ್ತಸ್ರಾವ ಇದ್ದವರು, ರಕ್ತ ತೀರಾ ಕಡಿಮೆ ಇರುವವರು ವೈದ್ಯರ ಹತ್ತಿರ ಇದನ್ನು ಹೇಳಲೇಬೇಕು. ವಂಕಿಯಲ್ಲಿ ಎರಡು ಬಗೆ: ‘380 ಎ’ ಅನ್ನುವುದು ಹತ್ತು ವರ್ಷದ್ದು, ‘375’ ಐದು ವರ್ಷದ್ದು. ಬೇಕೆಂದಾಗ ತೆಗೆಸಿದರೆ ಮುಂದಿನ ತಿಂಗಳೇ ಬಸುರಾಗಬಹುದು. ಮೂರು ವರ್ಷ ಅಂದವರಿಗೆ ಇದೇ ದೊಡ್ಡ ಅನುಕೂಲ.

ಅಂತರಾ ಇಂಜೆಕ್ಷನ್‌ನಲ್ಲಿ ಈ ಅನುಕೂಲ ಇಲ್ಲ. ಮೂರು ತಿಂಗಳಿಗೊಮ್ಮೆ ಹಾಕುತ್ತಾರೆ. ತಾರೀಖಿಗೆ ಎರಡು ವಾರ ಮುಂಚೆ, ನಾಲ್ಕು ವಾರ ತಡ ಆದರೂ ನಡೆಯುತ್ತೆ, ನಮ್ಮ ಮಳೆಗಾಲಕ್ಕೆ ಅದು ಒಳ್ಳೆಯದೇ. ಯಾರಿಗೂ ಗೊತ್ತಾಗದ ಹಾಗೆ ಹಾಕಿಸಿಕೊಳ್ಳಬಹುದು ಅಂತಲೇ ಆರಿಸುವವರಿದ್ದಾರೆ. ಆದರೆ ಮುಟ್ಟು ಏರುಪೇರಾಗುತ್ತೆ, ಆಮೇಲೆ ನಿಂತೇ ಹೋಗಬಹುದು. ಅದರಿಂದ ಕೆಟ್ಟ ರಕ್ತ ಒಳಗೆ ಸೇರಲ್ಲ, ಸುಮ್ನೆ ಹೆದರಬೇಡಿ. ಬಿಟ್ಟ ಮೇಲೆ ಗರ್ಭ ನಿಲ್ಲಲು ಕೊನೆಯ ಇಂಜೆಕ್ಷನ್‌ನಿಂದ ಏಳರಿಂದ ಹತ್ತು ತಿಂಗಳು ಹಿಡಿಯುವುದು ಸಾಮಾನ್ಯ.

ಗುಳಿಗೆ ಇಷ್ಟವಾದರೆ ಛಾಯಾ ಕೇಳಿ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ (ಸಿಡಿಆರ್‌ಐ) ಕಂಡುಹಿಡಿದದ್ದು, ಸ್ಟೀರಾಯ್ಡ್ ಹಾರ್ಮೋನ್ ಅಲ್ಲ, ಹಾಲುಣಿಸುವವರೂ ತಗೋಬಹುದು. ಮೊದಲ ಮೂರು ತಿಂಗಳು ವಾರಕ್ಕೆ ಎರಡು ದಿನ, ಆಮೇಲೆ ವಾರಕ್ಕೆ ಒಂದೇ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕದಿದ್ದರೆ ಇದು ಕೆಡುವುದು ಖಂಡಿತ. ಪಿಸಿಓಡಿ (ಅಂಡಾಶಯದ ಗುಳ್ಳೆ ತೊಂದರೆ) ಇದ್ದವರಿಗೆ, ಇತ್ತೀಚೆಗೆ ಕಾಮಾಲೆ ಆದವರಿಗೆ ಬೇಡ. ಮಾಲಾ-ಎನ್, ಅಂದರೆ ನಿತ್ಯ ನುಂಗುವ ಹಾರ್ಮೋನ್ ಗುಳಿಗೆ, ನಿಮಗೆ ಈಗ ಬೇಡ. ಹಾಲುಣಿಸುವವರಿಗೆ ಮಗುವಿಗೆ ಆರು ತಿಂಗಳಾಗುವವರೆಗೆ ಅದನ್ನು ಕೊಡುವುದಿಲ್ಲ.

ಯಜಮಾನರು ತಿಂಗಳಿಗೆ ಎರಡು ಸಲ ತಾನೇ ಬರುವುದು, ಬಂದಾಗ ಮೆಡಿಕಲ್‌ನಿಂದ ತುರ್ತು ಗುಳಿಗೆ ತಂದರಾಯ್ತು ಅನ್ನುವವರೂ ಇದ್ದಾರೆ. ಅದು ಕಾಂಡೋಮ್ ಹರಿದ ದಿನಕ್ಕೆ. 72 ಗಂಟೆಯೊಳಗೆ ತಗೋಬೇಕು, ಎಷ್ಟು ಬೇಗ ತಗೊಂಡರೆ ಅಷ್ಟು ಒಳ್ಳೆಯದು. ಪದೇ ಪದೇ ನಂಬಿದರೆ ಕೈಕೊಡುತ್ತೆ. ಅವರೇ ಬ್ಯಾಗಿನಲ್ಲಿ ನಿರೋಧ್ ಇಟ್ಟುಕೊಂಡು ಬರಲಿ, ಅಲ್ವಾ? ಲೈಂಗಿಕ ಸೋಂಕು ತಡೆಯುವುದೂ ಇವುಗಳಲ್ಲಿ ಅದೊಂದೇ. ಆಶಾ ಅಕ್ಕನ ಹತ್ತಿರ ಸಿಗುತ್ತೆ.

ಆಪರೇಷನ್ ಮಾತು ನಿಮಗೆ ಈಗ ಬೇಡ. ಎರಡನೆಯದು ಆದ ಮೇಲೆ ಆ ಮಾತು ಬಂದರೆ ಗಂಡಸರ ಆಪರೇಷನ್ನೂ ಇದೆ ಅಂತ ನೆನಪಿರಲಿ. ಹೊಲಿಗೆ ಇಲ್ಲ, ಅದೇ ದಿನ ಮನೆಗೆ. ‘ಅಡಿಕೆ ಕೊನೆ ತೆಗೆಯೋಕೆ ಶಕ್ತಿ ಇರಲ್ಲ’ ಅನ್ನುವುದು ಹೆಂಡತಿಯನ್ನು ಮುಂದೆ ತಳ್ಳಲು ಹುಡುಕಿದ ನೆಪ. ಮೂರು ತಿಂಗಳ ನಂತರ ವೀರ್ಯ ಪರೀಕ್ಷೆ ಆಗುವವರೆಗೆ ಕಾಂಡೋಮ್ ಬೇಕು, ಅಷ್ಟೇ. ಅಂದಹಾಗೆ, ನಮ್ಮ ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತ್ತು. ನಾವು ಇನ್ನೂ ಪಿಸುಗುಡುತ್ತಿದ್ದೇವೆ.

ಆಸ್ಪತ್ರೆಗೆ ಹೋಗುವಾಗ ತಾಯಿ ಕಾರ್ಡ್ ತಗೊಂಡು ಹೋಗಿ. ಬಿಪಿ, ತಲೆನೋವು, ಕಾಮಾಲೆ, ಬಿಳಿ ಸೆರಗು ಏನಿದ್ದರೂ ಮುಚ್ಚಿಡಬೇಡಿ. ಗರ್ಭ ಇಲ್ಲ ಅಂತ ಖಚಿತ ಮಾಡಿಕೊಂಡು ಅದೇ ದಿನ ವಂಕಿ ಹಾಕಬಹುದು, ಮುಟ್ಟಿಗೆ ಕಾಯಬೇಕಾಗಿಲ್ಲ. ಹಾಕಿಸಿದ ದಿನ ಬಸ್ಸಿನಲ್ಲಿ ನಿಂತು ಬರಬೇಡಿ, ಹೊಟ್ಟೆ ಹಿಂಡುತ್ತೆ. ಆಮೇಲೆ ಜ್ವರ, ವಾಸನೆಯ ಸ್ರಾವ, ತಡೆಯಲಾಗದ ನೋವು ಬಂದರೆ ಅಥವಾ ದಾರ ಸಿಗದಿದ್ದರೆ, ಮುಂದಿನ ತಪಾಸಣೆಗೆ ಕಾಯದೆ ಅವತ್ತೇ ಹೋಗಿ ತೋರಿಸಿ.